ಮನೆಗೆ ಬಂದ ಸರಪಳಿ ಗರಗಸ

ಮಲೆನಾಡಿನಲ್ಲಿ ಮನೆ ಮಾಡಿಕೊಂಡಿರುವ ಗೃಹಸ್ಥರಿಗೆ ಮಳೆಗಾಲದ ಗಾಳಿಯ ವಿಚಾರವನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಆಷಾಢದಲ್ಲಿ ಒಂದು ರಾತ್ರಿ ಗಾಳಿ ಬೀಸಿತೆಂದರೆ, ಬೆಳಗಾಗುವಷ್ಟರಲ್ಲಿ ತೋಟದ ದಾರಿಗೆ ಅಡ್ಡಲಾಗಿ ಹಲಸಿನ ಕೊಂಬೆಯೊಂದು, ಕೊಟ್ಟಿಗೆಯ ಮಾಡಿನ ಮೇಲೆ ಅಡಕೆಯ ಮರವೊಂದು, ಬೇಲಿಯ ಮೇಲೆ ಅಕೇಶಿಯಾ ಒಂದು ಬಿದ್ದಿರುವುದು ವರ್ಷವರ್ಷವೂ ನಡೆಯುವ ಸಂಗತಿ. ನಮ್ಮ ಹಿರಿಯರ ಕಾಲದಲ್ಲಿ ಇಬ್ಬರು ಆಳುಗಳು ಉದ್ದನೆಯ ಗರಗಸದ ಎರಡು ತುದಿಗಳನ್ನು ಹಿಡಿದು ಅರ್ಧ ದಿನ ಕೊಯ್ದು ದಾರಿಯನ್ನು ಬಿಡಿಸುತ್ತಿದ್ದರು. ಅನಂತರ ಪೆಟ್ರೋಲಿನ ಯಂತ್ರವು ಬಂದಿತು. ಅದನ್ನು ನಡೆಸಬಲ್ಲವರು ಊರಿಗೆ ಒಬ್ಬರೋ ಇಬ್ಬರೋ; ಗಾಳಿ ಬೀಸಿದ ಮರುದಿನ ಊರಿಗೆ ಊರೇ ಅವರ ಮನೆಯ ಬಾಗಿಲಿನಲ್ಲಿ ನಿಂತಿರುತ್ತಿತ್ತು. ಈಗ ಕೆಲವು ವರ್ಷಗಳಿಂದ ಬ್ಯಾಟರಿಯಿಂದ ನಡೆಯುವ ಸರಪಳಿ ಗರಗಸವು ಪೇಟೆಯ ಅಂಗಡಿಗಳಲ್ಲಿ ದೊರೆಯುತ್ತಿರುವುದರಿಂದ, ಕೂಲಿಯವರು ಸಿಕ್ಕದ ಈ ದಿನಗಳಲ್ಲಿ ಅನೇಕ ಗೃಹಸ್ಥರು ಅದನ್ನು ತಾವೇ ಕೊಂಡು ಮನೆಯಲ್ಲಿಟ್ಟುಕೊಳ್ಳುತ್ತಿರುವರು.

ಈ ಯಂತ್ರದ ಗುಣಗಳನ್ನು ಅಲ್ಲಗಳೆಯಲಾಗದು. ಹೊಗೆಯಿಲ್ಲ, ಪೆಟ್ರೋಲಿನ ವಾಸನೆಯಿಲ್ಲ, ದಾರ ಎಳೆದೆಳೆದು ಭುಜ ಸೋಲುವ ಕಷ್ಟವಿಲ್ಲ, ಭಾರವೂ ಹೆಚ್ಚಿಲ್ಲ. ಎಲ್ಲಕ್ಕಿಂತಲೂ ಮಿಗಿಲಾಗಿ ಸದ್ದಿಲ್ಲ. ಆದರೆ ನನ್ನ ಬಿನ್ನಹವೇನೆಂದರೆ, ಇದರ ಅಪಾಯವೆಲ್ಲ ಈ ಕಡೆಯ ಗುಣದಲ್ಲಿಯೇ ಅಡಗಿರುವುದು. ಪೆಟ್ರೋಲಿನ ಯಂತ್ರವು ಚಾಲೂ ಆಗಿದ್ದರೆ, ಹಲ್ಲು ತಿರುಗದೆ ಸುಮ್ಮನೆ ನಿಂತಿರುವಾಗಲೂ ಗುರುಗುಟ್ಟುತ್ತ ತಾನು ಎಚ್ಚರವಾಗಿರುವೆನೆಂಬುದನ್ನು ಸಾರುತ್ತಲೇ ಇರುವುದು. ಮಗುವೂ ಅದರ ಹತ್ತಿರ ಹೋಗಲು ಅಂಜುವುದು. ಬ್ಯಾಟರಿಯ ಗರಗಸವಾದರೋ ಜಗಲಿಯ ಮೇಲಿಟ್ಟ ತಂಬಿಗೆಯಂತೆ ಮೌನವಾಗಿ ಕುಳಿತಿರುವುದು. ಬೆರಳು ತಾಗಿದ ಕ್ಷಣದಲ್ಲಿಯೇ ಪೂರ್ಣ ವೇಗದಿಂದ ಓಡುವುದು. ನಡುವೆ ಎಚ್ಚರಿಕೆಯ ಒಂದು ಉಸಿರೂ ಇಲ್ಲ.

ನಮ್ಮ ಭಾವನವರಿಗೆ ಇದು ಕಳೆದ ವರ್ಷದ ಮಳೆಗಾಲದಲ್ಲಿ ಅನುಭವಕ್ಕೆ ಬಂದಿತು. ಬಿದ್ದ ಅಡಕೆಯ ಮರವೊಂದನ್ನು ತುಂಡು ಮಾಡಿ ಬಂದು ಜಗಲಿಯಲ್ಲಿ ಕುಳಿತಿದ್ದರು. ಅಡಕೆಯ ನಾರು ಸರಪಳಿಯ ಬುಡದಲ್ಲಿ ಸುತ್ತಿಕೊಂಡಿತ್ತು. ಗರಗಸವನ್ನು ತೊಡೆಯ ಮೇಲಿಟ್ಟು, ಒಂದು ಕೈಯಿಂದ ಹಿಂದಿನ ಹಿಡಿಯನ್ನು ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಿಂದ ನಾರನ್ನು ಎಳೆಯುತ್ತಿದ್ದರು. ನಾರು ಬಾರದೆ ಹೋದಾಗ ಹಿಡಿಯನ್ನು ಮತ್ತಷ್ಟು ಬಿಗಿ ಹಿಡಿದರು. ಹೆಬ್ಬೆರಳು ತಡೆಗುಂಡಿಯನ್ನೂ ತೋರುಬೆರಳು ಕುದುರೆಯನ್ನೂ ಒಟ್ಟಿಗೆ ಒತ್ತಿದವು. ಸರಪಳಿಯು ಅರ್ಧ ಸುತ್ತು ಹೋಗಿ ಕೈಗವಸನ್ನು ಕಚ್ಚಿ ಎಳೆಯಿತು. ದೈವವಶಾತ್ ಬೆರಳು ಉಳಿಯಿತು. ತುದಿಯಲ್ಲಿ ನಾಲ್ಕು ಹೊಲಿಗೆ ಬಿದ್ದವು. ನಾನು ನೋಡಲು ಹೋದಾಗ ಅವರು ಹೇಳಿದ ಮಾತು ಇಷ್ಟೇ: “ಸದ್ದೇ ಇರಲಿಲ್ಲ ಮಾರಾಯ, ನಿಂತಿದೆ ಅಂದುಕೊಂಡೆ.”

ಬ್ಯಾಟರಿಯನ್ನು ತೆಗೆದು ಪಕ್ಕದಲ್ಲಿಟ್ಟಿದ್ದರೆ ಈ ಲೇಖನವನ್ನು ಬರೆಯುವ ಸಂದರ್ಭವೇ ಬರುತ್ತಿರಲಿಲ್ಲ. ಆದಕಾರಣ ಮುಂದೆ ಹೇಳತಕ್ಕ ವಿಷಯಗಳಲ್ಲಿ ಮತ್ತೇನು ಮರೆತರೂ ಇದೊಂದನ್ನು ಮರೆಯಬಾರದೆಂದು ಕೇಳಿಕೊಳ್ಳುವೆನು. ಸರಪಳಿಯನ್ನು ಮುಟ್ಟುವುದಕ್ಕೆ ಮೊದಲು, ಯಾವ ಕಾರಣಕ್ಕಾಗಿ ಮುಟ್ಟುವುದಾದರೂ, ಬ್ಯಾಟರಿಯು ಯಂತ್ರದಿಂದ ಹೊರಗೆ ಬಂದಿರಬೇಕು. ಗುಂಡಿಯನ್ನು ಆರಿಸಿದರೆ ಸಾಲದು. ಕೆಲವು ಯಂತ್ರಗಳು ಸ್ವಲ್ಪ ಹೊತ್ತು ಕೆಲಸವಿಲ್ಲದಿದ್ದರೆ ತಾವಾಗಿಯೇ ಆರುವುವು, ಅದನ್ನೂ ನಂಬಬಾರದು.

ಈ ಸರಪಳಿಯ ಪೂರ್ವಚರಿತ್ರೆಯು ಸ್ವಾರಸ್ಯವಾದುದು. ಹಲ್ಲುಳ್ಳ ಸರಪಳಿಯನ್ನು ತಿರುಗಿಸಿ ಕೊಯ್ಯುವ ಉಪಾಯವನ್ನು ಮೊದಲು ಕಂಡುಕೊಂಡವರು ಮರಗೆಲಸದವರಲ್ಲ, ವೈದ್ಯರು. ಜರ್ಮನಿಯ ಬರ್ನ್‌ಹಾರ್ಡ್ ಹೈನೆ ಎಂಬವನು ೧೮೩೦ರ ಸುಮಾರಿಗೆ ಮೂಳೆಯನ್ನು ಕೊಯ್ಯುವುದಕ್ಕಾಗಿ ಕೈಯಿಂದ ತಿರುಗಿಸುವ ಇಂತಹ ಉಪಕರಣವೊಂದನ್ನು ಮಾಡಿದನು. ಮೂಳೆಗೆಂದು ಹುಟ್ಟಿದ ವಸ್ತುವು ಮರಕ್ಕೆ ಬಂದಿತೆಂಬುದನ್ನು ಅದನ್ನು ಕೈಯಲ್ಲಿ ಹಿಡಿಯುವಾಗಲೆಲ್ಲ ನೆನೆಯುವುದು ಒಳ್ಳೆಯದು. ಮರಕ್ಕಾಗಿ ವಿದ್ಯುತ್ತಿನ ಗರಗಸವನ್ನು ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ ಎಂಬವನು ೧೯೨೬ರಲ್ಲಿ ಹೊರತಂದನು. ಅದರ ತೂಕ ಸುಮಾರು ೬೪ ಕಿಲೋ. ಹಿಡಿಯಲು ಇಬ್ಬರು ಬೇಕಾಗುತ್ತಿತ್ತು.

ಆದರೆ ಇಂದಿನ ಸರಪಳಿಯ ಹಲ್ಲಿಗೆ ಗುರುವಾದುದು ಒಂದು ಹುಳು. ಅಮೆರಿಕೆಯ ಓರೆಗಾನ್ ಪ್ರಾಂತದಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕೊಯ್ಯುವವನೊಬ್ಬನು ೧೯೪೬ರಲ್ಲಿ ಮರದ ಬುಡವೊಂದನ್ನು ಸೀಳುತ್ತಿದ್ದಾಗ, ಅದರೊಳಗೆ ದುಂಬಿಯ ಮರಿಹುಳು ಗಟ್ಟಿ ಮರವನ್ನು ಲೀಲಾಜಾಲವಾಗಿ ಕೊರೆಯುತ್ತಿದ್ದುದನ್ನು ಕಂಡನು. ಅದು ನೇರವಾಗಿ ಕಚ್ಚುತ್ತಿರಲಿಲ್ಲ. ಕೊಂಡಿಯಂತೆ ಬಾಗಿದ ಎರಡು ದವಡೆಗಳಿಂದ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕೆತ್ತುತ್ತಿತ್ತು. ಅವನು ಅದೇ ಆಕಾರವನ್ನು ಉಕ್ಕಿನಲ್ಲಿ ಮಾಡಿ ೧೯೪೭ರಲ್ಲಿ ಮಾರಾಟಕ್ಕೆ ತಂದನು. ನಿಮ್ಮ ಮನೆಯ ಗರಗಸದ ಸರಪಳಿಯನ್ನು (ಬ್ಯಾಟರಿಯನ್ನು ತೆಗೆದಿಟ್ಟು) ಬೆಳಕಿಗೆ ಹಿಡಿದು ನೋಡಿದರೆ, ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ ಬಾಗಿರುವುದು ಕಾಣುವುದು. ಪ್ರತಿಯೊಂದು ಹಲ್ಲಿನ ಮುಂದೆಯೂ ಒಂದು ಚಿಕ್ಕ ದಿಬ್ಬವಿರುವುದು. ಹಲ್ಲು ಒಂದು ಸಲಕ್ಕೆ ಎಷ್ಟು ಆಳ ಕಚ್ಚಬೇಕೆಂಬುದನ್ನು ಗೊತ್ತುಪಡಿಸುವುದು ಆ ದಿಬ್ಬವೇ.

೧೪ ಅಂಗುಲದ ಗರಗಸದ ಸಾಮಾನ್ಯವಾದೊಂದು ಸರಪಳಿಯಲ್ಲಿ ಇಂತಹ ೨೬ ಹಲ್ಲುಗಳಿರುವುವು. ಸರಪಳಿಯು ಸೆಕೆಂಡಿಗೆ ೧೦ ಮೀಟರು ಓಡಿದರೆ, ಒಂದು ಜಾಗದ ಮೇಲೆ ಒಂದು ಸೆಕೆಂಡಿನಲ್ಲಿ ಇನ್ನೂರೈವತ್ತಕ್ಕೂ ಮಿಕ್ಕಿ ಹಲ್ಲುಗಳು ಹಾಯುವುವು. ದೊಡ್ಡ ಯಂತ್ರಗಳ ವೇಗವು ಇದರ ಇಮ್ಮಡಿಯಾಗಿರುವುದೂ ಉಂಟು. “ಬ್ಯಾಟರಿಯದು ತಾನೇ” ಎಂದು ಹಗುರವಾಗಿ ಮಾತಾಡುವವರಿಗೆ ಈ ಲೆಕ್ಕವೇ ಸಾಕಾದ ಉತ್ತರ. ನಮ್ಮ ಕಡೆಯಲ್ಲಿ ಕೈದೀಪಕ್ಕೂ ಬ್ಯಾಟರಿಯೆಂದೇ ಹೆಸರಿರುವುದರಿಂದ, ಆ ಪದವೇ ಜನರಿಗೆ ಸಲಿಗೆಯನ್ನು ಕಲಿಸಿರುವುದೋ ಏನೋ.

ಇನ್ನು ಯಂತ್ರವನ್ನು ಅಣಿಗೊಳಿಸುವ ಕ್ರಮ. ಪೆಟ್ಟಿಗೆಯನ್ನು ಬಿಚ್ಚಿದ ಕೂಡಲೇ ಬ್ಯಾಟರಿಯನ್ನು ಬೇರೆ ಕೋಣೆಗೆ ಕಳುಹಿಸಿಬಿಡಿರಿ. ಚಾರ್ಜಿಗೆ ಹಾಕುವ ನೆಪವಾದರೂ ಆಯಿತು. ಮಿಕ್ಕ ಭಾಗಗಳನ್ನು ಹಳೆಯ ಪತ್ರಿಕೆಯೊಂದರ ಮೇಲೆ ಹರಡಿ, ದಪ್ಪ ಕೈಗವಸನ್ನು ಹಾಕಿಕೊಂಡು ಕುಳಿತುಕೊಳ್ಳಿರಿ. ಓಡದಿರುವ ಸರಪಳಿಯೂ ಬೆರಳನ್ನು ಸೀಳಬಲ್ಲದು.

ಬಗಲಿನ ಮುಚ್ಚಳವನ್ನು ತೆಗೆದರೆ ಒಳಗೆ ಒಂದು ಚಿಕ್ಕ ಹಲ್ಲುಚಕ್ರವೂ, ಉಕ್ಕಿನ ಉದ್ದನೆಯ ಪಟ್ಟಿಯನ್ನು ಕೂರಿಸತಕ್ಕ ಮೊಳೆಯೂ ಕಾಣುವುವು. ಈ ಪಟ್ಟಿಯನ್ನು ಅಂಗಡಿಯವರು ಬಾರ್ ಎನ್ನುವರು. ಇದರ ಅಂಚಿನ ಸುತ್ತಲೂ ತೋಡಿದ ಒಂದು ಗಾಡಿ ಇರುವುದು. ಸರಪಳಿಯ ಕೊಂಡಿಗಳ ಕೆಳನಾಲಗೆಗಳು ಆ ಗಾಡಿಯಲ್ಲಿ ಓಡುವುವು. ಸರಪಳಿಯನ್ನು ಹಲ್ಲುಚಕ್ರಕ್ಕೆ ಸುತ್ತಿ, ಪಟ್ಟಿಯ ಗಾಡಿಯೊಳಗೆ ಇಳಿಸಬೇಕು. ಇಲ್ಲಿ ಹೊಸಬರೆಲ್ಲರೂ ಒಂದು ಸಲವಾದರೂ ತಪ್ಪುವರು: ಸರಪಳಿಯನ್ನು ಹಿಂದುಮುಂದಾಗಿ ಹಾಕುವರು. ಪಟ್ಟಿಯ ಮೇಲಂಚಿನಲ್ಲಿ ಹಲ್ಲಿನ ಹರಿತವಾದ ಬಾಯಿಯು ಮೂತಿಯ ಕಡೆಗೆ, ಎಂದರೆ ನಿಮ್ಮಿಂದ ದೂರಕ್ಕೆ ತಿರುಗಿರಬೇಕು. ತಿರುಗುಮುರುಗಾಗಿ ಹಾಕಿದ ಸರಪಳಿಯು ಕೊಯ್ಯದೆ ಮರವನ್ನು ಉಜ್ಜಿ ಹೊಗೆಯೆಬ್ಬಿಸುವುದು. ಆಗ ಹಲವರು ಯಂತ್ರವೇ ಕೆಟ್ಟದ್ದೆಂದು ಅಂಗಡಿಗೆ ಹಿಂದಕ್ಕೆ ಒಯ್ಯುವರು.

ಬಿಗಿಮಾಡುವ ತಿರುಪಿನ ಚಿಕ್ಕ ಗೂಟವು ಪಟ್ಟಿಯ ರಂಧ್ರದಲ್ಲಿ ಸರಿಯಾಗಿ ಕುಳಿತಿದೆಯೆ ಎಂಬುದನ್ನು ನೋಡಿ, ಮುಚ್ಚಳವನ್ನು ಹಾಕಿ, ನಟ್ಟನ್ನು ಬೆರಳಿನಷ್ಟು ಬಿಗಿಯಿಂದ ಮಾತ್ರ ತಿರುಗಿಸಿರಿ. ಅನಂತರ ಪಟ್ಟಿಯ ಮೂತಿಯನ್ನು ಮೇಲಕ್ಕೆತ್ತಿ ಹಿಡಿದುಕೊಂಡೇ ತಿರುಪನ್ನು ಸ್ವಲ್ಪಸ್ವಲ್ಪವಾಗಿ ತಿರುಗಿಸುತ್ತ ಹೋಗಬೇಕು. ಪಟ್ಟಿಯ ಕೆಳಗೆ ಜೋಲುತ್ತಿದ್ದ ಸರಪಳಿಯು ಮೇಲಕ್ಕೆ ಬಂದು ಅಂಚನ್ನು ಮುಟ್ಟಿದ ಕೂಡಲೇ ನಿಲ್ಲಿಸಿ ನಟ್ಟನ್ನು ಗಟ್ಟಿಮಾಡಬೇಕು. ಪರೀಕ್ಷೆ ಹೇಗೆಂದರೆ, ನಡುವಿನಲ್ಲಿ ಸರಪಳಿಯನ್ನು ಎರಡು ಬೆರಳಿನಿಂದ ಎತ್ತಿದರೆ ಅದು ಸ್ವಲ್ಪ ಮೇಲಕ್ಕೆ ಬರಬೇಕು, ಆದರೆ ಕೆಳನಾಲಗೆಗಳು ಗಾಡಿಯಿಂದ ಪೂರ್ತಿ ಹೊರಬೀಳಕೂಡದು. ಬ್ರೇಕನ್ನು ಬಿಡಿಸಿ ಕೈಯಿಂದ ಎಳೆದರೆ ಸರಪಳಿ ಸರಾಗವಾಗಿ ಜಾರಬೇಕು. ಸಡಿಲವಾದರೆ ಓಡುವಾಗ ಕಳಚಿ ಬೀಳುವುದು. ಬಿಗಿಯಾದರೆ ಪಟ್ಟಿಯೂ ಮೋಟಾರೂ ಸವೆದು, ಬ್ಯಾಟರಿಯು ಅರ್ಧ ಕೆಲಸಕ್ಕೇ ಬರಿದಾಗುವುದು.

ಹೊಸ ಸರಪಳಿಯು ಮೊದಲಿನ ಅರ್ಧ ಗಂಟೆಯ ಕೆಲಸದಲ್ಲಿ ಸಾಕಷ್ಟು ಉದ್ದವಾಗುವುದು. ಆದುದರಿಂದ ಆಗಾಗ ನಿಲ್ಲಿಸಿ, ಬ್ಯಾಟರಿಯನ್ನು ತೆಗೆದು, ಮತ್ತೆ ಬಿಗಿ ನೋಡಬೇಕು. ಬಿಸಿಯಾಗಿರುವಾಗ ಬಿಗಿಮಾಡಿದ ಸರಪಳಿಯನ್ನು ಕೆಲಸ ಮುಗಿದ ಮೇಲೆ ಸಡಿಲಿಸಿಡಬೇಕು. ಇಲ್ಲವಾದರೆ ಅದು ತಣಿದು ಕುಗ್ಗಿ ಪಟ್ಟಿಯನ್ನೂ ಚಕ್ರದ ಬೇರಿಂಗನ್ನೂ ಹಿಂಡುವುದು.

ಪೆಟ್ರೋಲಿಲ್ಲದ ಯಂತ್ರಕ್ಕೆ ಎಣ್ಣೆ ಯಾತಕ್ಕೆಂದು ಕೇಳುವವರುಂಟು. ಇದು ಮೋಟಾರಿಗೆ ಬೇಕಾದ ಎಣ್ಣೆಯಲ್ಲ, ಸರಪಳಿಗೆ ಬೇಕಾದುದು. ಹೆಚ್ಚಿನ ಯಂತ್ರಗಳಲ್ಲಿ ಒಂದು ಚಿಕ್ಕ ತೊಟ್ಟಿಯಿದ್ದು, ಅದರಿಂದ ಎಣ್ಣೆಯು ತಾನಾಗಿ ಗಾಡಿಗೆ ಹರಿಯುವುದು. ಅತಿ ಚಿಕ್ಕ ಯಂತ್ರಗಳಿಗೆ ಕೈಯಿಂದಲೇ ಹನಿಸಬೇಕಾಗುವುದು. ಪ್ರತಿಯೊಂದು ಸಲ ಬ್ಯಾಟರಿಯನ್ನು ಬದಲಾಯಿಸುವಾಗಲೂ ತೊಟ್ಟಿಯನ್ನು ನೋಡುವ ಅಭ್ಯಾಸವಿಟ್ಟುಕೊಂಡರೆ ಮರೆವಿಗೆ ಎಡೆಯಿರದು. ಎಣ್ಣೆ ಬರುತ್ತಿದೆಯೆ ಎಂಬುದನ್ನು ತಿಳಿಯಲು ಗರಗಸದ ಮೂತಿಯನ್ನು ಬಿಳಿಯ ಕಾಗದ ಅಥವಾ ತಿಳಿ ಬಣ್ಣದ ಹಲಗೆಯೊಂದರ ಎದುರಿಗೆ, ತಾಗಿಸದೆ, ಹಿಡಿದು ಕ್ಷಣಕಾಲ ಓಡಿಸಿದರೆ, ಅದರ ಮೇಲೆ ಎಣ್ಣೆಯ ತೆಳ್ಳನೆಯ ಗೆರೆ ಮೂಡಬೇಕು. ನಮ್ಮವರು ಉಳಿತಾಯಕ್ಕೆಂದು ಗಾಡಿಗಳಿಂದ ತೆಗೆದ ಕರಿಯ ಹಳೆಯ ಎಂಜಿನ್ನೆಣ್ಣೆಯನ್ನು ಸುರಿಯುವರು. ಇದು ಬಹಳ ಕೆಟ್ಟ ಪದ್ಧತಿ. ಅದರಲ್ಲಿರುವ ಲೋಹದ ಹುಡಿಯು ಎಣ್ಣೆಯ ಪಂಪನ್ನು ಸವೆಯಿಸುವುದು. ಸರಪಳಿಯಿಂದ ಸಿಡಿದ ಎಣ್ಣೆಯೆಲ್ಲ ನಮ್ಮ ಚರ್ಮದ ಮೇಲೂ ತೋಟದ ಮಣ್ಣಿನ ಮೇಲೂ ಬೀಳುವುದು. ಅದರಲ್ಲಿ ಅರ್ಬುದ ರೋಗವನ್ನು ತರಬಲ್ಲ ಪದಾರ್ಥಗಳುಂಟು. ಸರಪಳಿಗೆಂದೇ ಮಾಡಿದ, ಅಂಟುಗುಣವುಳ್ಳ ಎಣ್ಣೆಯನ್ನೇ ಕೊಳ್ಳುವುದು ಲೇಸು. ಇರಿಸಿದ ಯಂತ್ರದಿಂದ ನಾಲ್ಕು ಹನಿ ಸೋರಿದರೆ ಗಾಬರಿಯಾಗಬೇಕಾದುದಿಲ್ಲ; ಅದು ಅವುಗಳ ಸ್ವಭಾವ.

ಕೆಲಸಕ್ಕೆ ಹೊರಡುವ ಮೊದಲು ಕಡೆಯದಾಗಿ ಬ್ರೇಕಿನ ಪರೀಕ್ಷೆ. ಮುಂದಿನ ಹಿಡಿಯ ಎದುರಿಗೆ ನಿಂತಿರುವ ಕೈತಡೆಯೇ ಬ್ರೇಕಿನ ಹಿಡಿಕೆ. ಗರಗಸವನ್ನು ಎರಡು ಕೈಗಳಲ್ಲಿ ಹಿಡಿದು ಓಡಿಸುತ್ತಿರುವಂತೆಯೇ ಎಡಗೈಯ ಮಣಿಕಟ್ಟಿನಿಂದ ಆ ತಡೆಯನ್ನು ಮುಂದಕ್ಕೆ ನೂಕಿದರೆ ಸರಪಳಿಯು ತಟ್ಟನೆ ನಿಲ್ಲಬೇಕು. ನಿಲ್ಲದಿದ್ದರೆ ಅಂದು ಕೆಲಸ ಬೇಡ. ನಾಲ್ಕಾರು ಅಂಗುಲದ ಪಟ್ಟಿಯುಳ್ಳ, ಒಂದೇ ಕೈಯಲ್ಲಿ ಹಿಡಿಯುವ ಆಟದ ಸಾಮಾನಿನಂತಹ ಗರಗಸಗಳು ಈಗ ಬಹಳ ಮಾರಾಟವಾಗುತ್ತಿರುವುವು. ಅವುಗಳಲ್ಲಿ ಅನೇಕಕ್ಕೆ ಈ ಬ್ರೇಕೇ ಇಲ್ಲ. ಒಂದು ಕೈ ಕೊಂಬೆಯನ್ನು, ಒಂದು ಕೈ ಗರಗಸವನ್ನು ಹಿಡಿಯುವುದರಿಂದ ಕೊಂಬೆ ಹಿಡಿದ ಕೈಗೇ ಗಾಯವಾಗುವುದು. ನನ್ನ ಅಭಿಪ್ರಾಯದಲ್ಲಿ ದೊಡ್ಡ ಗರಗಸಕ್ಕಿಂತ ಇವುಗಳಿಗೆ ಹೆಚ್ಚು ಹೆದರಬೇಕು.

ಉಡುಪಿನ ವಿಷಯದಲ್ಲಿ ನಮ್ಮವರ ಅಲಕ್ಷ್ಯವನ್ನು ನೋಡಿದರೆ ಎದೆ ನಡುಗುವುದು. ಲುಂಗಿಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ, ಹವಾಯಿ ಚಪ್ಪಲಿಯಲ್ಲಿ ನಿಂತು, ಹೆಗಲ ಮೇಲೆ ಚೌಕವನ್ನು ಹೊದ್ದು ಮರ ಕೊಯ್ಯುವುದನ್ನು ನಾನೇ ಎಷ್ಟೋ ಕಡೆ ಕಂಡಿರುವೆನು. ಜೋಲುವ ಬಟ್ಟೆಯ ಒಂದು ಎಳೆ ಸಾಕು, ಸರಪಳಿಯು ಅದನ್ನು ಹಿಡಿದು ಮನುಷ್ಯನನ್ನೇ ತನ್ನ ಕಡೆಗೆ ಎಳೆಯುವುದು. ಹೆಂಗಸರು ಈ ಯಂತ್ರವನ್ನು ನಡೆಸಬಾರದೆಂದೇನೂ ಇಲ್ಲ, ನಡೆಸುವವರೂ ಉಂಟು. ಆದರೆ ಸೀರೆಯ ಸೆರಗಿನೊಡನೆ ಬೇಡ. ಮೈಗೆ ಹತ್ತಿದ ಷರಾಯಿ, ಮುಂಗಾಲನ್ನು ಮುಚ್ಚುವ ಗಟ್ಟಿ ಬೂಟು, ಕಣ್ಣಿಗೆ ಕನ್ನಡಕ, ಕೈಗವಸು, ತಲೆಗೆ ಶಿರಸ್ತ್ರಾಣ ಇಷ್ಟಾದರೂ ಇರಬೇಕು. ಬ್ಯಾಟರಿಯದಾದರೂ ಕೊಯ್ಯುವಾಗಿನ ಸದ್ದು ಕಡಿಮೆಯಲ್ಲವಾದುದರಿಂದ ಕಿವಿಗೂ ಮುಚ್ಚಳ ಬೇಕು. ಗರಗಸದವರಿಗೆಂದೇ ಮಾಡಿದ ಷರಾಯಿಗಳೂ ದೊರೆಯುವುವು. ಅವುಗಳೊಳಗಿನ ಉದ್ದನೆಯ ನೂಲುಗಳು ಸರಪಳಿ ತಾಗಿದೊಡನೆ ಹೊರಗೆ ಬಂದು ಹಲ್ಲುಚಕ್ರಕ್ಕೆ ಸುತ್ತಿ ಅದನ್ನು ನಿಲ್ಲಿಸುವುವು. ಎಷ್ಟು ವೇಗದ ಸರಪಳಿಗೆ ಅವು ತಕ್ಕವೆಂಬುದನ್ನು ಚೀಟಿಯ ಮೇಲೆ ಬರೆದಿರುವರು: ಒಂದನೆಯ ವರ್ಗದ್ದು ಸೆಕೆಂಡಿಗೆ ೨೦ ಮೀಟರಿನ ವೇಗಕ್ಕೆ ಪರೀಕ್ಷಿತವಾದುದು. ವಿದ್ಯುತ್ತಿನ ಯಂತ್ರಕ್ಕೂ ಅದು ಸಲ್ಲುವುದೆ ಎಂಬುದನ್ನು ಆ ಚೀಟಿಯಲ್ಲಿಯೇ ಓದಿ ಕೊಳ್ಳಬೇಕು.

ಈ ಯಂತ್ರದ ಮಹಾ ಅಪಾಯವೆಂದರೆ ಒದೆತ. ಪಟ್ಟಿಯ ಮೂತಿಯ ಮೇಲಿನ ಕಾಲುಭಾಗವು ಮರಕ್ಕೆ ತಾಗಿತೆಂದರೆ, ಅಲ್ಲಿ ಕೆಳಮುಖವಾಗಿ ಧಾವಿಸುವ ಹಲ್ಲುಗಳು ಮರವನ್ನು ಕಚ್ಚಿ ನಿಂತು, ಓಟದ ಬಲವೆಲ್ಲ ಹಿಂದಿರುಗಿ, ಗರಗಸವು ಮೂತಿಯನ್ನೆತ್ತಿ ನಡೆಸುವವನ ಮುಖದ ಕಡೆಗೆ ಚಿಮ್ಮುವುದು. ಇದು ಕಣ್ಣೆವೆಯಿಕ್ಕುವುದಕ್ಕೂ ಮುಂಚೆ ಆಗಿಹೋಗುವುದು; ಎಚ್ಚರದಿಂದಿದ್ದು ತಡೆದೇನೆಂಬುದು ಸುಳ್ಳು. ಇದಕ್ಕೆ ಉಪಾಯವು ನಿಲ್ಲುವ ಕ್ರಮದಲ್ಲಿಯೇ ಇರಬೇಕು. ಎರಡು ಕೈಗಳೂ ಹಿಡಿಯ ಮೇಲಿರಬೇಕು. ಎಡಗೈಯ ಹೆಬ್ಬೆರಳು ಮುಂದಿನ ಹಿಡಿಯ ಅಡಿಯಿಂದ ಸುತ್ತಿಕೊಂಡಿರಬೇಕು. ತಲೆಯೂ ಎದೆಯೂ ಗರಗಸದ ನೇರದಲ್ಲಿರದೆ ಸ್ವಲ್ಪ ಎಡಕ್ಕಿರಬೇಕು. ಭುಜಕ್ಕಿಂತ ಎತ್ತರದಲ್ಲಿ ಕೊಯ್ಯಕೂಡದು, ಏಣಿಯ ಮೇಲೆ ನಿಂತು ಕೊಯ್ಯಲೇ ಕೂಡದು. ಕೊಯ್ಯುವ ಕೊಂಬೆಯ ಹಿಂದೆ ಇನ್ನೊಂದು ಕೊಂಬೆ ಅಡಗಿ ಮೂತಿಗೆ ತಾಗುವಂತಿದ್ದರೆ ಮೊದಲು ಅದನ್ನು ಕತ್ತಿಯಿಂದ ಸವರಬೇಕು.

ಗಾಳಿಗೆ ಬಿದ್ದ ಮರದಲ್ಲಿ ಮತ್ತೊಂದು ತೊಡಕು. ಎರಡು ತುದಿಗಳೂ ಆತುಕೊಂಡು ನಡುವೆ ಬಾಗಿರುವ ದಿಮ್ಮಿಯ ಮೇಲ್ಭಾಗವು ಒತ್ತಡದಲ್ಲಿಯೂ, ಅಡಿಯು ಎಳೆತದಲ್ಲಿಯೂ ಇರುವುದು. ಮೇಲಿನಿಂದಲೇ ಪೂರ್ತಿ ಕೊಯ್ಯಹೋದರೆ ಸೀಳಿಕೆಯು ಮುಚ್ಚಿಕೊಂಡು ಪಟ್ಟಿಯನ್ನು ಕಚ್ಚಿ ಹಿಡಿಯುವುದು. ಮೇಲಿನಿಂದ ಮೂರರಲ್ಲೊಂದು ಪಾಲು ಮಾತ್ರ ಕೊಯ್ದು, ಉಳಿದುದನ್ನು ಅಡಿಯಿಂದ ಕೊಯ್ಯಬೇಕು. ಸಿಕ್ಕಿಬಿದ್ದ ಗರಗಸವನ್ನು ಓಡಿಸುತ್ತ ಎಳೆಯದೆ, ಬ್ಯಾಟರಿಯನ್ನು ತೆಗೆದು, ಬೆಣೆ ಹೊಡೆದು ಬಿಡಿಸಿಕೊಳ್ಳಬೇಕು. ಬೇರು ಸಮೇತ ಉರುಳಿದ ಮರದ ಕಾಂಡವನ್ನು ಕೊಯ್ದಾಗ ಮಣ್ಣಿನ ಬುಡವು ಹಿಂದಕ್ಕೆ ಎದ್ದು ನಿಲ್ಲುವುದೂ ಉಂಟು. ಆ ಗುಳಿಯ ಹತ್ತಿರ ಮಕ್ಕಳನ್ನು ಬಿಡಬಾರದು. ನಿಂತ ದೊಡ್ಡ ಮರವನ್ನು ಬೀಳಿಸುವ ಕೆಲಸವನ್ನು ಗೃಹಸ್ಥನು ಕೈಗೊಳ್ಳದೆ, ಬಲ್ಲವರಿಗೆ ಬಿಡುವುದೇ ವಿವೇಕ. ಬೀಳಿಸುವುದಕ್ಕೆ ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಅನುಮತಿಯೂ ಬೇಕಾಗಬಹುದು. ಕೆಲವು ಜಾತಿಯ ಮರಗಳಿಗೆ ಮಾತ್ರ ವಿನಾಯಿತಿಯಿರುವುದರಿಂದ ಅರಣ್ಯ ಕಚೇರಿಯಲ್ಲಿ ಮೊದಲು ವಿಚಾರಿಸಬೇಕು. ವಿದ್ಯುತ್ ತಂತಿಯ ಮೇಲೆ ಬಿದ್ದ ಮರವನ್ನಂತೂ, ದೀಪ ಆರಿದ್ದರೂ ಸರಿಯೆ, ಮುಟ್ಟದೆ ೧೯೧೨ಕ್ಕೆ ಕರೆ ಮಾಡಿ ಕಾಯಬೇಕು.

ಯಂತ್ರದ ಆರೈಕೆಯಲ್ಲಿ ನಮ್ಮ ನಾಡಿಗೆ ವಿಶೇಷವಾದ ಕಷ್ಟವೊಂದಿದೆ. ಅಡಕೆ, ತೆಂಗು, ಬೈನೆಗಳ ಕಾಂಡವು ನಾರಿನದಾದುದರಿಂದ, ಆ ನಾರು ಮುಚ್ಚಳದೊಳಗೆ ಸೇರಿ ಹಲ್ಲುಚಕ್ರಕ್ಕೆ ಹುರಿಯಂತೆ ಸುತ್ತುವುದು. ಜೊತೆಗೆ ತೆಂಗಿನ ಗಟ್ಟಿ ಕಾಂಡವು ಹಲ್ಲನ್ನು ಬೇಗನೆ ಮೊಂಡು ಮಾಡುವುದು. ಇಂತಹ ಮರಗಳನ್ನು ಕೊಯ್ಯುವಾಗ ನಾಲ್ಕೈದು ತುಂಡುಗಳಿಗೊಮ್ಮೆ ನಿಲ್ಲಿಸಿ, ಬ್ಯಾಟರಿಯನ್ನು ತೆಗೆದು, ಮುಚ್ಚಳವನ್ನು ಬಿಚ್ಚಿ, ಬೆರಳಿನಿಂದಲ್ಲದೆ ಕಡ್ಡಿಯಿಂದಲೋ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದಲೋ ಬಿಡಿಸಬೇಕು. ಸಂಜೆ ಪಟ್ಟಿಯನ್ನೂ ಕಳಚಿ, ಗಾಡಿಯಲ್ಲಿ ಕೂತ ಎಣ್ಣೆಹುಡಿಯನ್ನು ತೆಳ್ಳನೆಯ ತಗಡಿನಿಂದ ಕೆರೆದು, ಎಣ್ಣೆ ಬರುವ ಚಿಕ್ಕ ರಂಧ್ರವನ್ನು ತೆರವು ಮಾಡಬೇಕು. ಮರಳಿ ಜೋಡಿಸುವಾಗ ಪಟ್ಟಿಯನ್ನು ತಲೆಕೆಳಗಾಗಿ ಹಾಕಿದರೆ ಎರಡಂಚೂ ಸಮನಾಗಿ ಸವೆಯುವುವು. ನೀರಿನಿಂದ ತೊಳೆಯುವುದು ಮಾತ್ರ ಬೇಡ.

ಹಲ್ಲು ಮೊಂಡಾದುದನ್ನು ಗರಗಸವೇ ಹೇಳುವುದು. ಹರಿತವಾದುದು ಚಕ್ಕೆಯನ್ನು ಉದುರಿಸುವುದು, ಮೊಂಡಾದುದು ಹಿಟ್ಟಿನಂತಹ ಹುಡಿಯನ್ನು. ನೀವು ಒತ್ತಬೇಕಾಗಿ ಬಂದರೆ ಅದೂ ಮೊಂಡುತನದ ಗುರುತು. ಕೊಯ್ತವು ಒಂದು ಪಕ್ಕಕ್ಕೆ ಸೊಟ್ಟಗೆ ಹೋದರೆ ಆ ಪಕ್ಕದ ಹಲ್ಲುಗಳಿಗೂ ಈ ಪಕ್ಕದವುಗಳಿಗೂ ಹೊಂದಿಕೆ ತಪ್ಪಿದೆಯೆಂದು ಅರ್ಥ. ಓಡುವ ಸರಪಳಿಯು ಒಂದೇ ಒಂದು ಸಲ ಮಣ್ಣಿಗೆ ತಾಗಿದರೂ ಎಲ್ಲ ಹಲ್ಲುಗಳ ಹರಿತವೂ ಹೋಗುವುದು. ಆದುದರಿಂದ ದಿಮ್ಮಿಯ ಕೆಳಗೆ ತುಂಡು ಮರವನ್ನು ಕೊಟ್ಟು ಎತ್ತರಿಸಿಕೊಳ್ಳುವುದು ಒಳ್ಳೆಯದು.

ಹರಿತ ಮಾಡಲು ಗುಂಡನೆಯ ಅರ ಬೇಕು. ಮನೆಯ ಗರಗಸಗಳಲ್ಲಿ ಹೆಚ್ಚಾಗಿರುವ ೩/೮ ಅಂಗುಲದ ತಗ್ಗು ಸರಪಳಿಗೆ ೪ ಮಿಲಿಮೀಟರಿನ ಅರ ಸಲ್ಲುವುದು. ನಿಮ್ಮದಕ್ಕೆ ಯಾವುದೆಂಬುದನ್ನು ಜೊತೆಗೆ ಬಂದ ಪುಸ್ತಕದಲ್ಲಿ ನೋಡಿ ಕೊಳ್ಳಿರಿ. ಒಂದು ಕಾಲು ಮಿಲಿಮೀಟರಿನ ವ್ಯತ್ಯಾಸವೂ ಹಲ್ಲಿನ ಬಾಯಿಯನ್ನು ಕೆಡಿಸುವುದು. ಬ್ಯಾಟರಿ ತೆಗೆದ ಗರಗಸದ ಪಟ್ಟಿಯನ್ನು ಇಕ್ಕಳದಲ್ಲಿ ಬಿಗಿದು, ಅರವನ್ನು ಮಟ್ಟಸವಾಗಿ, ಪಟ್ಟಿಗೆ ಅಡ್ಡಲಾದ ನೇರದಿಂದ ಸಾಮಾನ್ಯವಾಗಿ ೩೦ ಅಂಶ ಓರೆಯಾಗಿ ಹಿಡಿದು, ಹಲ್ಲಿನ ಒಳಗಿನಿಂದ ಹೊರಕ್ಕೆ ತಳ್ಳಬೇಕು. ಹಿಂದಕ್ಕೆ ಬರುವಾಗ ಅರವನ್ನು ಎತ್ತಿಬಿಡಬೇಕು. ಹಿಂದುಮುಂದಾಗಿ ಉಜ್ಜಿದರೆ ಅರವೂ ಹಲ್ಲೂ ಎರಡೂ ಹಾಳು. ಅರದ ದಪ್ಪದ ಐದರಲ್ಲೊಂದು ಪಾಲು ಹಲ್ಲಿನ ಮೇಲಂಚಿನಿಂದ ಮೇಲಕ್ಕೆ ಕಾಣುತ್ತಿರಬೇಕು. ಮೊದಲ ಹಲ್ಲಿಗೆ ಮೂರು ಸಲ ತಳ್ಳಿದರೆ ಎಲ್ಲಕ್ಕೂ ಮೂರೇ. ಎಡದವುಗಳನ್ನೆಲ್ಲ ಮುಗಿಸಿ, ಆಚೆ ಬದಿಗೆ ಹೋಗಿ ನಿಂತು ಬಲದವುಗಳನ್ನು ಮಾಡಬೇಕು. ನಾಲ್ಕಾರು ಸಲ ಹರಿತ ಮಾಡಿದ ಮೇಲೆ ಹಲ್ಲಿನ ಮುಂದಿನ ದಿಬ್ಬವು ಹಲ್ಲಿಗಿಂತ ಎತ್ತರವಾದಂತಾಗಿ ಅದನ್ನು ಕಚ್ಚಗೊಡುವುದಿಲ್ಲ. ಆಗ ಚಪ್ಪಟೆ ಅರದಿಂದ ದಿಬ್ಬವನ್ನು ತಗ್ಗಿಸಬೇಕು. ಮೇಲೆ ಹೇಳಿದ ಸರಪಳಿಗೆ ಈ ತಗ್ಗು ಸುಮಾರು ೦.೬೫ ಮಿಲಿಮೀಟರು. ಇದನ್ನು ಅಳೆಯುವ ತಗಡು ಅಲ್ಪ ಬೆಲೆಗೆ ಸಿಕ್ಕುವುದು. ಕಣ್ಣಳತೆಯಿಂದ ಹೆಚ್ಚು ತೇಯ್ದವರ ಗರಗಸವು ಮರವನ್ನು ಅತಿಯಾಗಿ ಕಚ್ಚಿ, ಮೇಲೆ ಹೇಳಿದ ಒದೆತವನ್ನು ಹೆಚ್ಚಿಸಿಕೊಳ್ಳುವುದು. ಹಲ್ಲಿನ ಮೇಲೆ ಕೊರೆದಿರುವ ಗುರುತಿನ ಗೆರೆಯವರೆಗೆ ಸವೆದರೆ ಸರಪಳಿಯನ್ನೇ ಬದಲಾಯಿಸಬೇಕು.

ಇನ್ನು ಬ್ಯಾಟರಿ. ೧೯೯೧ರಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದ ಲಿಥಿಯಂ ಅಯಾನ್ ಜಾತಿಯವೇ ಇವು. ಇವುಗಳ ಶೋಧನೆಗಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರಿಗೆ ೨೦೧೯ರಲ್ಲಿ ನೊಬೆಲ್ ಬಹುಮಾನ ಸಂದಿತು. ಒಂದೊಂದು ಕೋಶದಲ್ಲಿ ಸುಮಾರು ೩.೬ ವೋಲ್ಟು; ಹತ್ತನ್ನು ಸಾಲಾಗಿ ಜೋಡಿಸಿದರೆ ೩೬. ಅದನ್ನೇ ಪೂರ್ತಿ ತುಂಬಿದಾಗಿನ ಬಲವನ್ನು ಹಿಡಿದು ಕೆಲವರು ೪೦ ಎಂದು ಮುದ್ರಿಸುವರು. ಕೊಳ್ಳುವವರು ಈ ಅಂಕೆಗೆ ಮಾರುಹೋಗಬೇಕಾದುದಿಲ್ಲ. ೩೬ ವೋಲ್ಟು, ೪ ಆಂಪಿಯರ್ ಗಂಟೆಯ ಬ್ಯಾಟರಿಯೊಂದು ೧೦ ವಾಟಿನ ದೀಪವನ್ನು ಹೆಚ್ಚುಕಡಿಮೆ ೧೪ ಗಂಟೆ ಉರಿಸಬಲ್ಲ ಶಕ್ತಿಯನ್ನು ಅಂಗೈಯಗಲದ ಪೆಟ್ಟಿಗೆಯಲ್ಲಿ ಹುದುಗಿಸಿಕೊಂಡಿರುವುದು. ಅದು ಒಮ್ಮೆಗೇ ಹೊರಬಿದ್ದರೆ ಬೆಂಕಿಯಾಗುವುದು. ಮೊಳೆ, ಬೀಗದ ಕೈ ಮುಂತಾದ ಲೋಹದ ಸಾಮಾನುಗಳ ಜೊತೆಗೆ ಒಂದೇ ಚೀಲದಲ್ಲಿ ಅದನ್ನು ಹಾಕಬಾರದೆಂಬುದು ಇದಕ್ಕಾಗಿಯೇ.

ಅದರ ಜೊತೆಗೆ ಬಂದ ಚಾರ್ಜರಿನಿಂದಲೇ, ಎಲ್ಲರೂ ಎಚ್ಚರವಾಗಿರುವ ಹೊತ್ತಿನಲ್ಲಿ, ಕಲ್ಲಿನ ಅಥವಾ ಗಾರೆಯ ನೆಲದ ಮೇಲಿಟ್ಟು ಚಾರ್ಜು ಮಾಡಬೇಕು. ಗೋಣಿಚೀಲ, ಹಾಸಿಗೆ, ಒಣಗಿದ ಅಡಕೆಯ ರಾಶಿ ಇವುಗಳ ಮೇಲಲ್ಲ. ಹೊರಬಾಗಿಲಿಗೆ ಅಡ್ಡವಾಗಿಯೂ ಅಲ್ಲ. ಕೆಲಸದಿಂದ ಬಿಸಿಯಾಗಿ ಬಂದುದನ್ನು ತಣಿಸಿ ಚಾರ್ಜಿಗೆ ಹಾಕಬೇಕು. ಪೂರ್ತಿ ಬರಿದಾಗುವವರೆಗೆ ಕಾಯಬೇಕೆಂಬುದು ಹಳೆಯ ಜಾತಿಯ ಬ್ಯಾಟರಿಗಳ ಕಾಲದ ಮಾತು. ಇವುಗಳಿಗೆ ಅದು ಹಿತವಲ್ಲ. ಮಳೆಗಾಲ ಕಳೆದು ತಿಂಗಳುಗಟ್ಟಲೆ ಕೆಲಸವಿಲ್ಲದಿರುವಾಗ ಅರ್ಧದಷ್ಟು ತುಂಬಿಸಿ, ತಂಪಾದ ಒಣ ಜಾಗದಲ್ಲಿಡಬೇಕು. ಬಚ್ಚಲ ಒಲೆಯ ಪಕ್ಕ, ಅಡಕೆ ಬೇಯಿಸುವ ಒಲೆಯ ಹತ್ತಿರ, ಬಿಸಿಲಿಗೆ ನಿಂತ ಕಾರಿನೊಳಗೆ ಇಡಬಾರದು. ಬಿದ್ದು ಒಡೆದ, ನೀರಿನಲ್ಲಿ ನೆನೆದ, ಊದಿಕೊಂಡ ಬ್ಯಾಟರಿಯನ್ನು ಮತ್ತೆ ಚಾರ್ಜು ಮಾಡದೆ ಮನೆಯಿಂದ ಹೊರಗೆ, ಉರಿಯುವ ವಸ್ತುಗಳಿಲ್ಲದ ಮರೆಯಲ್ಲಿಡಬೇಕು. ಹೊಗೆ ಕಂಡರೆ ಕೈಯಲ್ಲಿ ಹಿಡಿದು ಓಡದೆ, ಮನೆಯವರನ್ನೆಲ್ಲ ಹೊರಡಿಸಿ ೧೧೨ಕ್ಕೆ ಕರೆ ಮಾಡಬೇಕು. ಸತ್ತ ಬ್ಯಾಟರಿಯನ್ನು ಕಸದ ಗುಂಡಿಗೆ ಎಸೆಯಲೂಬಾರದು, ಸುಡಲೂಬಾರದು. ೨೦೨೨ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅವುಗಳನ್ನು ಹಿಂದಕ್ಕೆ ಸಂಗ್ರಹಿಸುವ ಹೊಣೆ ತಯಾರಕರದಾದುದರಿಂದ, ಕೊಂಡ ಅಂಗಡಿಯಲ್ಲಿ ಕೇಳಬೇಕು.

ಕೆಲಸಕ್ಕೆ ಹೋಗುವಾಗ ಒಂಟಿಯಾಗಿ ಹೋಗಬಾರದೆಂಬುದನ್ನೂ ಹೇಳಿಬಿಡುವೆನು. ಕೂಗಿದರೆ ಕೇಳುವಷ್ಟು ದೂರದಲ್ಲಿ ಒಬ್ಬರಿರಬೇಕು. ಅವರ ಬಳಿ ಫೋನೂ, ಒಗೆದು ಮಡಿಸಿದ ದಪ್ಪ ಬಟ್ಟೆಯೂ ಇರಬೇಕು. ಗಾಯವಾದರೆ ಅರಿಸಿನ, ಕಾಫಿಪುಡಿಗಳನ್ನು ಮೆತ್ತುತ್ತ ಹೊತ್ತು ಕಳೆಯದೆ, ಆ ಬಟ್ಟೆಯನ್ನು ಗಾಯದ ಮೇಲಿಟ್ಟು ಬಲವಾಗಿ ಒತ್ತಿ, ಒತ್ತಿದುದನ್ನು 'ನಿಂತಿತೆ' ಎಂದು ಮತ್ತೆ ಮತ್ತೆ ಎತ್ತಿ ನೋಡದೆ, ೧೦೮ಕ್ಕೆ ಕರೆ ಮಾಡಬೇಕು.

ನಮ್ಮ ಭಾವನವರ ಬೆರಳು ಈಗ ವಾಸಿಯಾಗಿದೆ; ಉಗುರು ಸ್ವಲ್ಪ ಸೊಟ್ಟಗೆ ಬೆಳೆದಿರುವುದು. ಗರಗಸವನ್ನು ಅವರು ಮಾರಲಿಲ್ಲ. ಅದು ಒರೆಯನ್ನು ಹಾಕಿಕೊಂಡು ಕೊಟ್ಟಿಗೆಯ ಅಟ್ಟದ ಮೇಲಿರುವುದು, ಬ್ಯಾಟರಿಯು ಮಾತ್ರ ಒಳಕೋಣೆಯ ಕಪಾಟಿನಲ್ಲಿ ಅಕ್ಕನ ಬೀಗದ ಸ್ವಾಧೀನದಲ್ಲಿರುವುದು. ಮೊನ್ನೆ ನಾನು ಹೋಗಿದ್ದಾಗ ಭಾವನವರು ಬಾಗಿಲಲ್ಲಿ ನಿಂತು ಬ್ಯಾಟರಿ ಕೊಡೆಂದು ಕೇಳಿದರು. ಅಕ್ಕ ಕಪಾಟಿನ ಹತ್ತಿರ ಹೋಗುವ ಮೊದಲು ಅವರ ಕಾಲಿನ ಕಡೆಗೆ ನೋಡಿ, “ಬೂಟು ಎಲ್ಲಿ?” ಎಂದಳು. ಭಾವನವರು ಮರುಮಾತಿಲ್ಲದೆ ಜಗಲಿಗೆ ಹಿಂದಿರುಗಿದರು.